ಕೆಮ್ಮಣ್ಣಿನ ಬಿಗಿಮುಷ್ಟಿ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಪಯಣಿಸುವಾಗ ನಾವು ಕಾಣುವ ಕೆಮ್ಮಣ್ಣಿಗೆ ಆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡುಗಳಿಂದ. ಇಂತಹ ಮಣ್ಣಿಗೆ ರೈತನು ಸೊಪ್ಪು, ಸಗಣಿಗೊಬ್ಬರಗಳನ್ನು ಧಾರಾಳವಾಗಿ ಹಾಕಿದರೂ ಪೈರು ರಂಜಕದ ಕೊರತೆಯಿಂದ ಸೊರಗುವುದುಂಟು. ಹಾಕಿದ ರಂಜಕವೆಲ್ಲ ಎಲ್ಲಿ ಹೋಯಿತು?

ಬಹುಪಾಲು ಅಲ್ಲಿಯೇ ಇದೆ. ಬೀಜಗಳು ರಂಜಕವನ್ನು ಮುಖ್ಯವಾಗಿ ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಇದರ ಒಂದೊಂದು ಅಣುವಿನಲ್ಲಿಯೂ 6 ಫಾಸ್ಫೇಟ್ ಗುಂಪುಗಳಿವೆ. ಸಸ್ಯಗಳ ಅವಶೇಷದೊಡನೆ ಇದು ಮಣ್ಣನ್ನು ಸೇರುತ್ತದೆ. ಮಲೆನಾಡಿನ ಮಳೆಯು ಸಿಲಿಕವನ್ನು ತೊಳೆದೊಯ್ದು ಉಳಿಸಿದ ಕೆಯೊಲಿನೈಟ್ ಜೇಡಿಯ ಅಂಚುಗಳಲ್ಲಿಯೂ, ಅದಕ್ಕೆ ಲೇಪದಂತೆ ಅಂಟಿರುವ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳ ಮೇಲೆಯೂ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಫಾಸ್ಫೇಟು ಇವನ್ನು ಹೊರದೂಡಿ, ಆ ಸ್ಥಾನದಲ್ಲಿ ತಾನೇ ಲೋಹದೊಡನೆ ಬಂಧಿತವಾಗುತ್ತದೆ. ಭೌತವಿಜ್ಞಾನದವರಾದ ನಮಗೆ ಇದು ಬರಿಯ ವಿದ್ಯುದಾಕರ್ಷಣೆಯೆಂದು ತೋರೀತು. ಅಲ್ಲ, ಇದು ರಾಸಾಯನಿಕ ಬಂಧವೇ. ಒಂದೇ ಅಣು ಹಲವು ಕಡೆ ಹೀಗೆ ಅಂಟಿದಾಗ ಮಳೆಯ ನೀರು ಅದನ್ನು ಬಿಡಿಸಲಾರದು. ಸೂಕ್ಷ್ಮಜೀವಿಗಳ ಕಿಣ್ವಗಳಿಗೂ ಅದು ಸುಲಭವಾಗಿ ದಕ್ಕದು.

ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನ ಆಮ್ಲಜನಕ ಮುಗಿದು, ಫೆರಿಕ್ ಕಬ್ಬಿಣವು ಫೆರಸ್ ಆಗಿ ಕರಗುತ್ತದೆ. ಅದು ಹಿಡಿದಿದ್ದ ರಂಜಕದ ಒಂದು ಪಾಲು ಪೈರಿಗೆ ಒದಗುತ್ತದೆ. ಮೆಕ್ಕೆಜೋಳದ ಬೆದ್ದಲಿಗೆ ಈ ಸೌಲಭ್ಯವಿಲ್ಲ. ಅಲ್ಲಿ ರಂಜಕದ ಗೊಬ್ಬರವನ್ನು ಹೊಲದ ತುಂಬ ಎರಚುವುದಕ್ಕಿಂತ ಬೀಜದ ಸಾಲಿನ ಪಕ್ಕದಲ್ಲಿಯೇ ಹಾಕುವುದು ಮೇಲು; ಆಗ ಅದು ಕಡಿಮೆ ಮಣ್ಣನ್ನು ಮುಟ್ಟುತ್ತದೆ.