ರಕ್ತದಿಂದ ಬೇಗ, ಕೀಲಿನಿಂದ ನಿಧಾನ

ಡೈಕ್ಲೋಫೆನಾಕ್ ಸಂಧಿವಾತದ ನೋವು, ಬಾವುಗಳಿಗೆ ಭಾರತದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಔಷಧ. ಇದರ ಎಷ್ಟೋ ಮಾತ್ರೆಗಳಿಗೆ ಜಠರದ ಆಮ್ಲದಲ್ಲಿ ಕರಗದ ಲೇಪನವಿರುತ್ತದೆ. ಅಂಥ ಮಾತ್ರೆ ಸಣ್ಣ ಕರುಳಿಗೆ ಇಳಿದ ಮೇಲೆ ಕರಗುತ್ತದೆ. ರಕ್ತದಲ್ಲಿ ಔಷಧದ ಮಟ್ಟ ತುದಿ ಮುಟ್ಟಲು ಸುಮಾರು 2 ಗಂಟೆ ಬೇಕು. ಊಟದ ಮೇಲೆ ನುಂಗಿದರೆ ಇನ್ನಷ್ಟು ತಡವಾಗುತ್ತದೆ, ಆದರೆ ಹೀರಿಕೆಯಾಗುವ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಲೇಪನವಿದೆಯೆಂದು ಹೊಟ್ಟೆಯ ಹುಣ್ಣಿನ ಭಯ ತಪ್ಪಿತು ಎನ್ನುವಂತಿಲ್ಲ. ಜಠರದ ಒಳಪದರವನ್ನು ಕಾಯುವ ಪ್ರೊಸ್ಟಗ್ಲಾಂಡಿನ್‌ಗಳನ್ನು ಔಷಧವು ರಕ್ತದ ಮೂಲಕವೂ ತಗ್ಗಿಸುತ್ತದೆ.

ಕರುಳು ಹೀರಿಕೊಂಡದ್ದೆಲ್ಲ ಮೊದಲು ಯಕೃತ್ತನ್ನು ಹಾಯಬೇಕು. ಅಲ್ಲೇ ಅರ್ಧದಷ್ಟು ರೂಪಾಂತರಗೊಂಡು, ಉಳಿದರ್ಧ ಮಾತ್ರ ಮೈಯೆಲ್ಲ ಹರಡುತ್ತದೆ. ಅದರಲ್ಲೂ ಶೇ. 99ಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟದೆ ಬಿಡಿಯಾಗಿ ಉಳಿದ ಅತ್ಯಲ್ಪವೇ ನೋವಿನ ಜಾಗದಲ್ಲಿ ಕೆಲಸ ಮಾಡುವುದು.

ರಕ್ತದಲ್ಲಿ ಔಷಧದ ಮಟ್ಟ ಅರ್ಧಕ್ಕಿಳಿಯಲು 1ರಿಂದ 2 ಗಂಟೆ ಸಾಕು. ಹಾಗಿದ್ದರೂ ದಿನಕ್ಕೆ ಎರಡು ಮೂರು ಮಾತ್ರೆಯಲ್ಲಿ ನೋವು ಹಿಡಿತಕ್ಕೆ ಬರುತ್ತದೆ. ಇದಕ್ಕೆ ಒಂದು ಕಾರಣ ಕೀಲಿನೊಳಗಿನ ದ್ರವ. ಔಷಧ ಅಲ್ಲಿಗೆ ತಡವಾಗಿ ಸೇರುತ್ತದೆ, ಸೇರಿದ ಮೇಲೆ ಬೇಗ ಹೊರಡುವುದೂ ಇಲ್ಲ. ಅಲ್ಲಿ ಅದು ಅರ್ಧಕ್ಕಿಳಿಯಲು 3ರಿಂದ 6 ಗಂಟೆ ಹಿಡಿಯುತ್ತದೆ. ರಕ್ತ ಬರಿದಾಗುತ್ತ ಬಂದಾಗಲೂ ಮೊಣಕಾಲಲ್ಲಿ ಔಷಧ ಇರುತ್ತದೆ.

ಹೊರಹಾಕುವ ಕೆಲಸದ ಬಹುಪಾಲು ಮತ್ತೆ ಯಕೃತ್ತಿನದೇ. ಸಿವೈಪಿ2ಸಿ9 ಎಂಬ ಕಿಣ್ವ ಮತ್ತು ಅದರ ಜೊತೆಯವು ಔಷಧವನ್ನು ನೀರಿನಲ್ಲಿ ಸುಲಭವಾಗಿ ಕರಗುವ ರೂಪಕ್ಕೆ ತರುತ್ತವೆ. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಮೂತ್ರದಲ್ಲಿ, ಮಿಕ್ಕದ್ದು ಪಿತ್ತರಸದೊಂದಿಗೆ ಮಲದಲ್ಲಿ ಹೋಗುತ್ತದೆ. ಮೂಲರೂಪದಲ್ಲೇ ಮೂತ್ರಕ್ಕೆ ಬರುವುದು ತೀರ ಕಡಿಮೆ. ಹಾಗೆಂದು ಮೂತ್ರಪಿಂಡ ನಿರಾಳವಲ್ಲ: ಅದರ ರಕ್ತಸಂಚಾರಕ್ಕೂ ಪ್ರೊಸ್ಟಗ್ಲಾಂಡಿನ್ ಬೇಕು. ವಯಸ್ಸಾದವರು, ಮೂತ್ರಪಿಂಡ ದುರ್ಬಲವಾದವರು ವೈದ್ಯರನ್ನು ಕೇಳದೆ ಇದನ್ನು ನುಂಗುತ್ತ ಹೋಗಬಾರದು.

ಮನುಷ್ಯನ ದೇಹ ಇಷ್ಟು ಬೇಗ ಕಳೆದುಕೊಳ್ಳುವ ಈ ಔಷಧ ರಣಹದ್ದುಗಳಿಗೆ ವಿಷವಾಯಿತು. ಡೈಕ್ಲೋಫೆನಾಕ್ ಕೊಟ್ಟ ದನಗಳು ಸತ್ತ ಮೇಲೆ ಅವುಗಳ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಾಂಗಗಳಲ್ಲಿ ಹೆಪ್ಪುಗಟ್ಟಿ ಸತ್ತವು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಇದನ್ನು ನಿಷೇಧಿಸಿತು. ಬದಲಿಗೆ ಸೂಚಿಸಿದ್ದು ಮೆಲಾಕ್ಸಿಕಾಮ್. ಅದೂ ಸಂಧಿವಾತದ ಔಷಧವೇ. ಮನುಷ್ಯನ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 20 ಗಂಟೆ ಹಿಡಿಯುವುದರಿಂದ ದಿನಕ್ಕೆ ಒಂದೇ ಮಾತ್ರೆ ಸಾಕಾಗುತ್ತದೆ.