ಒಪ್ಪತ್ತು ಮಾಡಿದರೆ ತೂಕ ಇಳಿಯುತ್ತದೆಯೇ?

ನಮ್ಮ ಅತ್ತಿಗೆ ಹೊಲಿಗೆ ಕೆಲಸ ಮಾಡುತ್ತಾರೆ. ಬೆಳಗಿನಿಂದ ಸಂಜೆವರೆಗೆ ಮಿಷನ್ ಮುಂದೆ ಕೂತಿರುತ್ತಾರೆ. ಮೈ ದಪ್ಪವಾಯಿತು. ಮಂಡಿ ನೋವು ಬಂತು.

"ಸೋಮವಾರ, ಶನಿವಾರ ಒಪ್ಪತ್ತು ಮಾಡ್ತೀನಿ. ದೇವರ ಕೆಲಸವೂ ಆಯ್ತು, ತೂಕವೂ ಇಳೀತದೆ" ಅಂದರು.

ಎರಡು ತಿಂಗಳಾಯಿತು. ತೂಕ ಇಳಿಯಲಿಲ್ಲ. ಯಾಕೆ?

ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತೇವೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಊಟದಿಂದ ಬರುವ ಶಕ್ತಿಗೂ ಒಂದು ಅಳತೆ ಇದೆ. ಅದೇ ಕ್ಯಾಲೊರಿ. ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಸುಮಾರು 1,660 ಕ್ಯಾಲೊರಿ ಸಾಕು. ಮಧ್ಯಮ ಶ್ರಮದ ಕೆಲಸ ಮಾಡುವ ಹೆಂಗಸಿಗೆ ಸುಮಾರು 2,130 ಬೇಕು. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕ. ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಮೈಗೆ ಸೇರುತ್ತದೆ. ತಿಂದದ್ದು ಖರ್ಚಿಗಿಂತ ಕಡಿಮೆಯಾದರೆ ಆ ಕೊಬ್ಬು ಕರಗುತ್ತದೆ.

ಈಗ ಅತ್ತಿಗೆಯ ಒಪ್ಪತ್ತಿನ ಲೆಕ್ಕ ನೋಡೋಣ. ಮಧ್ಯಾಹ್ನ ಮುದ್ದೆ, ಸಾರು ಬಿಟ್ಟರು. ಸುಮಾರು 400 ಕ್ಯಾಲೊರಿ ಉಳಿಯಿತು. ಆದರೆ ಹಸಿವು ತಡೆಯಲು ನಾಲ್ಕು ಸಲ ಟೀ ಕುಡಿದರು. ಸಲಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚಕ್ಕೆ 20 ಕ್ಯಾಲೊರಿ. ಎಂಟು ಚಮಚಕ್ಕೆ 160. ಎರಡು ಬಾಳೆಹಣ್ಣಿಗೆ ಸುಮಾರು 200. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ ಸುಮಾರು 170. ಒಟ್ಟು 530! ರಾತ್ರಿ ಪೂರಿ, ಪಾಯಸ ಬೇರೆ. ಪೂರಿ ಹೀರುವ ಎಣ್ಣೆ ಒಂದು ಚಮಚವಾದರೂ 45 ಕ್ಯಾಲೊರಿ.

ಉಪವಾಸದಿಂದ ತೂಕ ಇಳಿಯುವುದೇ ಇಲ್ಲ ಅಂತಲ್ಲ. ಒಟ್ಟು ಊಟ ಕಡಿಮೆಯಾದರೆ ಇಳಿಯುತ್ತದೆ. ಒಂದು ಹೊತ್ತು ಬಿಟ್ಟರೂ ಸರಿ, ಮೂರು ಹೊತ್ತೂ ಸ್ವಲ್ಪ ಕಡಿಮೆ ತಿಂದರೂ ಸರಿ.

ಅತ್ತಿಗೆಯನ್ನು ನೋಡಿ ಅಣ್ಣನೂ ಒಪ್ಪತ್ತು ಶುರು ಮಾಡಿದರು. ಅಣ್ಣನಿಗೆ ಸಕ್ಕರೆ ಕಾಯಿಲೆ. ಒಂದು ದಿನ ಮಾತ್ರೆ ನುಂಗಿ ಊಟ ಬಿಟ್ಟರು. ಕೈ ನಡುಗಿತು. ಮೈಯೆಲ್ಲ ಬೆವರಿತು. ಪುಣ್ಯಕ್ಕೆ ಎಚ್ಚರ ತಪ್ಪಿರಲಿಲ್ಲ. ಬೇಗ ಸಕ್ಕರೆ ನೀರು ಕುಡಿಸಿದೆವು. ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ಮಾತ್ರೆ ತಗೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದುಬಿಡಬಹುದು. ಜೀವಕ್ಕೇ ಅಪಾಯ" ಅಂದರು ಡಾಕ್ಟರು.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಬಡಕಲು ಮೈಯವರು ತೂಕ ಇಳಿಸಲು ಊಟ ಬಿಡಬಾರದು.

ಈಗ ಅತ್ತಿಗೆ ಟೀಗೆ ಅರ್ಧ ಚಮಚ ಸಕ್ಕರೆ ಹಾಕುತ್ತಾರೆ. ಪೂರಿ ಹಬ್ಬಕ್ಕೆ ಮಾತ್ರ. ಸಂಜೆ ಕೆರೆ ಏರಿವರೆಗೆ ನಡೆಯುತ್ತಾರೆ. ಮೂರು ತಿಂಗಳಲ್ಲಿ 3 ಕಿಲೋ ಇಳಿದಿದ್ದಾರೆ. ಸೋಮವಾರದ ಒಪ್ಪತ್ತನ್ನೂ ಬಿಟ್ಟಿಲ್ಲ. "ಅದು ದೇವರಿಗೆ" ಅನ್ನುತ್ತಾರೆ.

ನಿನ್ನೆ ನೀವು ಎಷ್ಟು ಚಮಚ ಸಕ್ಕರೆ ತಿಂದಿರಿ? ಬರೆದು, ಕೂಡಿ ನೋಡಿ.