ಹೋರಿಗರುವಿಗೆ ಹಿಂಡಿ ಯಾವಾಗ ಹಾಕಬೇಕು?

ಥಾಣೆ: ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಊರಿನ ಹಟ್ಟಿಯ ಖರ್ಚಿಗೆ ಇಲ್ಲಿಂದ ಹಣ ಕಳುಹಿಸುವವರು ಇಂದಿಗೂ ಇದ್ದಾರೆ. ಕರಾವಳಿಯವರ ಮನೆಯಲ್ಲಿ ಮಲೆನಾಡು ಗಿಡ್ಡ, ವಿಜಯಪುರ, ಬೆಳಗಾವಿ ಕಡೆಯವರಲ್ಲಿ ಖಿಲಾರಿ. ಮಕ್ಕಳಿಗೆ ರಜೆ ಸಿಗುವ ಮೇ ತಿಂಗಳಲ್ಲಿ ಊರಿಗೆ ಹೋದವರು ಪಕ್ಕೆಲುಬು ಎದ್ದ ಎಳೆ ಹೋರಿಯನ್ನು ಕಂಡು ಮರುಗಿ, ಹಿಂಡಿಗೆಂದು ಹಣ ಕೊಟ್ಟು ಬರುತ್ತಾರೆ. ಬಹಳಷ್ಟು ಸಲ ಆ ಹಣ ತಡವಾಗಿ ತಲುಪುತ್ತದೆ.

ಬೇಸಿಗೆಯ ಒಣಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಸಸಾರಜನಕ ಶೇ. 3-4ರಷ್ಟೇ ಉಳಿದಿರುತ್ತದೆ. ಅದು ಶೇ. 7ಕ್ಕಿಂತ ಕಡಿಮೆಯಾದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ನಾರನ್ನು ಸರಿಯಾಗಿ ಕರಗಿಸಲಾರವು. ದಿನವಿಡೀ ಮೇದರೂ ಕರು ಸೊರಗುವುದು ಇದರಿಂದಲೇ. ಇಂತಹ ದಿನಗಳಲ್ಲಿ ಸ್ವಲ್ಪ ಶೇಂಗಾ ಹಿಂಡಿ, ಖನಿಜ ಮಿಶ್ರಣ ಮತ್ತು ಒಂದಿಷ್ಟು ಹಸಿರು ಮೇವು ಕೊಟ್ಟರೆ ತಿಂದ ಒಣಹುಲ್ಲೂ ಮೈಗೆ ಹತ್ತುತ್ತದೆ. ಹಸಿರು ಮೇವಿನಿಂದ ದೊರೆಯುವ ಎ ಜೀವಸತ್ವ ವೀರ್ಯಾಣು ಬೆಳವಣಿಗೆಗೂ ಬೇಕು.

ಮುಖ್ಯ ಪ್ರಶ್ನೆ ವಯಸ್ಸಿನದು. ಹೋರಿಗರುವಿನ ಮೊದಲ ಆರು ತಿಂಗಳಲ್ಲಿ ದೊರೆಯುವ ಪೋಷಣೆ ಮೆದುಳಿನಿಂದ ಹೊರಡುವ ಹಾರ್ಮೋನುಗಳನ್ನು ಪ್ರಚೋದಿಸಿ, ವೃಷಣಗಳ ಬೆಳವಣಿಗೆಗೆ ಅಡಿಪಾಯ ಹಾಕುತ್ತದೆ ಎಂಬುದು ಸಂಶೋಧನೆಗಳಿಂದ ದೃಢಪಟ್ಟಿದೆ. ಆಗ ಸೊರಗಿದ ಕರು ತಡವಾಗಿ ಪ್ರಾಯಕ್ಕೆ ಬರುತ್ತದೆ, ವೃಷಣಗಳು ಚಿಕ್ಕದಾಗಿಯೇ ಉಳಿಯಬಹುದು. ಮುಂದೆ ಎಷ್ಟು ಹಿಂಡಿ ತಿನ್ನಿಸಿದರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ. ಬ್ಯಾಂಕಿನವರ ಭಾಷೆಯಲ್ಲಿ ಇದು ಅವಧಿ ಮುಗಿದ ಮೇಲೆ ಕಟ್ಟಿದ ಕಂತು. ಹೋರಿಗರುವಿಗೆ ತಾಯಿಯ ಹಾಲನ್ನು ಧಾರಾಳವಾಗಿ ಬಿಡುವ ಖಿಲಾರಿ ಸಾಕಣೆಗಾರರ ಹಳೆಯ ಪದ್ಧತಿ ಈ ದೃಷ್ಟಿಯಿಂದ ಬಹಳ ಸರಿ. ಹಾಲನ್ನೆಲ್ಲ ಡೇರಿಗೆ ಹಾಕುವ ಮನೆಗಳಲ್ಲಿ ಗಂಡುಕರುವಿನ ಪಾಲಿಗೆ ಉಳಿಯುವುದು ಬರಿಯ ಕೆಚ್ಚಲು.

ಹಾಗೆಂದು ಅತಿಯಾಗಿ ತಿನ್ನಿಸುವುದೂ ಸಲ್ಲದು. ವೃಷಣಗಳು ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕು. ಬೆಳೆದ ಹೋರಿಗೆ ಕಾಳು-ಹಿಟ್ಟು ವಿಪರೀತ ಹಾಕಿದರೆ ಬೀಜದ ಚೀಲದ ಮೇಲ್ಭಾಗದಲ್ಲಿ ಕೊಬ್ಬು ಸೇರಿ ಬಿಸಿ ಹೊರಹೋಗುವುದಿಲ್ಲ, ವೀರ್ಯದ ಗುಣಮಟ್ಟ ಕುಸಿಯುತ್ತದೆ.

ಉತ್ತರ ಕರ್ನಾಟಕದವರು ವಿಶೇಷವಾಗಿ ಗಮನಿಸಬೇಕಾದದ್ದು ಹತ್ತಿಕಾಳು. ಹಾಲು ಕೊಡುವ ಎಮ್ಮೆಗೆ ಒಗ್ಗುವ ಈ ಮೇವಿನಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ಎಳೆ ಹೋರಿಗೆ ಹೆಚ್ಚು ತಿನ್ನಿಸಿದರೆ ಅದು ವೀರ್ಯಾಣುಗಳಿಗೆ ಹಾನಿ ಮಾಡುತ್ತದೆ. ಬೀಜಕ್ಕೆಂದು ಉಳಿಸಿಕೊಂಡ ಹೋರಿಗೆ ಶೇಂಗಾ ಹಿಂಡಿಯೇ ಲೇಸು.

ಕಲ್ಯಾಣದಿಂದ ದೂರವಲ್ಲದ ಮುರ್ಬಾಡ್ ತಾಲೂಕಿನ ಮ್ಹಸಾ ಜಾತ್ರೆಯಲ್ಲಾಗಲಿ, ಅಜ್ಜಂಪುರದ ಅಮೃತಮಹಲ್ ಕರುಗಳ ಹರಾಜಿನಲ್ಲಾಗಲಿ ಕೊಳ್ಳುವವರ ಕಣ್ಣು ಕೊಂಬು, ಹಿಣಿಲು, ನಡಿಗೆಯ ಮೇಲೆ. ಉಳುಮೆಗೆ, ಓಟಕ್ಕೆ ಅಷ್ಟು ಸಾಕು. ಊರಿನ ಆಕಳುಗಳಿಗೆ ಬಿಡುವ ಹೋರಿಯಾದರೆ ಪಶುವೈದ್ಯರಿಂದ ಟೇಪಿನಲ್ಲಿ ವೃಷಣದ ಸುತ್ತಳತೆ ಅಳೆಸಿ, ಸಾಧ್ಯವಾದರೆ ವೀರ್ಯವನ್ನೂ ಪರೀಕ್ಷಿಸುವುದು ಉತ್ತಮ. ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕಾಗುವುದರಿಂದ, ಮೇವು ಬದಲಿಸಿದ ಫಲ ತಿಳಿಯಲು ಎರಡು ತಿಂಗಳಾದರೂ ಕಾಯಬೇಕು. ಈ ಸಲ ಊರಿಗೆ ಹಣ ಹಾಕುವವರು ಹಟ್ಟಿಯಲ್ಲಿ ಆರು ತಿಂಗಳೊಳಗಿನ ಹೋರಿಗರು ಇದೆಯೇ ಎಂದು ಫೋನಿನಲ್ಲೇ ಒಂದು ಮಾತು ಕೇಳಿಕೊಳ್ಳಬಹುದು.